ಮನೆ ಬದಲಿಸುವ ಗೃಹಸ್ಥರಿಗೆ



ಕೊಳ್ಳೇಗಾಲ ಸೀಮೆಯ ಹಿರಿಯರು ಮನೆಯ ಒಂದು ಕೊಡವನ್ನೂ ಕದಲಿಸದೆ ರಾಜ್ಯವನ್ನೇ ಬದಲಿಸಿದವರು. ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಗೆ ಸೇರಿತು. 2018ರಲ್ಲಿ ಹನೂರು ಪ್ರತ್ಯೇಕ ತಾಲ್ಲೂಕಾಗಿ ಕಾರ್ಯಾರಂಭ ಮಾಡಿತು. ಇಷ್ಟೆಲ್ಲ ನಡೆದರೂ ಒಲೆ ಇದ್ದಲ್ಲೇ ಉರಿಯುತ್ತಿತ್ತು, ವಿಳಾಸ ಮಾತ್ರ ಬದಲಾಗುತ್ತಿತ್ತು.

ಅವರ ಮಕ್ಕಳು ಮೊಮ್ಮಕ್ಕಳ ಪಾಡು ಬೇರೆ. ವಿದ್ಯಾಭ್ಯಾಸ, ನೌಕರಿಯ ವರ್ಗಾವಣೆ, ಹಿರಿಯರ ಚಿಕಿತ್ಸೆ, ನಿವೃತ್ತಿ ಎಂಬ ಕಾರಣಗಳಿಂದ ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ಮೈಸೂರಿಗೂ ಬೆಂಗಳೂರಿಗೂ ಮನೆ ಸಾಗಿಸುವ ಕುಟುಂಬಗಳು ಹೆಚ್ಚಾಗಿವೆ. ಮದುವೆಗೆ ಆರು ತಿಂಗಳು ಮೊದಲೇ ಲೆಕ್ಕ ಹಾಕುವ ನಾವು, ಮನೆ ಬದಲಿಸುವುದನ್ನು ಮಾತ್ರ ಕೊನೆಯ ವಾರಕ್ಕೆ ಬಿಡುತ್ತೇವೆ. ಮನೆಯ ಇಡೀ ಆಸ್ತಿ ಒಂದು ಹಗಲು ಅಪರಿಚಿತರ ವಾಹನದಲ್ಲಿರುತ್ತದೆ ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ. ಆದಕಾರಣ ಈ ಸಂಚಿಕೆಯಲ್ಲಿ ಆ ವಿಷಯವನ್ನೇ ವಿಚಾರ ಮಾಡೋಣ.

ಯಳಂದೂರು ಕಡೆಯ, ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಕುಟುಂಬದಲ್ಲಿ ನಡೆದುದನ್ನು ಹೇಳುತ್ತೇನೆ. ನಿವೃತ್ತ ಶಿಕ್ಷಕರು ಮಗಳಿದ್ದ ಊರಿಗೆ ಹೊರಟರು. ಫೋನಿನಲ್ಲಿ ಎಲ್ಲರಿಗಿಂತ ಕಡಿಮೆ ದರ ಹೇಳಿದವರನ್ನು ಗೊತ್ತುಮಾಡಿದರು. ಕರಾರೆಲ್ಲ ಬಾಯಿಮಾತಿನದು. ಸಾಮಾನು ತುಂಬಿದ ಲಾರಿ ಊರು ಸೇರುವ ಮುನ್ನವೇ ನಿಂತಿತು. "ಸಾಮಾನು ಹೇಳಿದ್ದಕ್ಕಿಂತ ಹೆಚ್ಚಾಗಿದೆ, ಇನ್ನೊಂದು ಅಷ್ಟು ಹಣ ಕೊಟ್ಟರೆ ಮಾತ್ರ ಇಳಿಸುತ್ತೇವೆ" ಎಂದರು. ಸಂಜೆಯಾಗಿತ್ತು, ವೃದ್ಧ ತಾಯಿಯ ಹಾಸಿಗೆ ಔಷಧಗಳು ಲಾರಿಯಲ್ಲೇ ಇದ್ದವು. ಬೇರೆ ದಾರಿ ಕಾಣದೆ ಕೊಟ್ಟರು. ಇಳಿಸಿದ ಮೇಲೆ ನೋಡಿದರೆ ತಾಯಿ ತವರಿನಿಂದ ತಂದ ತಾಮ್ರದ ಹಂಡೆ ಇರಲಿಲ್ಲ. ಕೇಳಲು ಹೋದಾಗ, ಹಂಡೆಯನ್ನು ಲಾರಿಗೆ ಏರಿಸಿದ್ದಕ್ಕೆ ಒಂದು ಚೀಟಿಯ ಆಧಾರವೂ ಇರಲಿಲ್ಲ. ಹಣ ಹೋದುದಕ್ಕಿಂತ ಆ ಹಂಡೆಗಾಗಿ ತಾಯಿ ಮರುಗಿದ್ದೇ ಹೆಚ್ಚು.

ಇಂತಹ ವಂಚನೆಗೆ ಅವಕಾಶವಾಗದಂತೆ ನೋಡಿಕೊಳ್ಳುವುದು ಹೇಗೆ?

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ತಿಳಿಯಬೇಕು. ಈ ಮೂರು ತಾಲ್ಲೂಕು ಕೇಂದ್ರಗಳಿಗೂ ರೈಲಿಲ್ಲ; ಸಾಗಣೆಯೆಲ್ಲ ರಸ್ತೆಯ ಮೇಲೆಯೇ. ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿ.ಮೀ., ಬೆಂಗಳೂರು ಸುಮಾರು 140 ಕಿ.ಮೀ. ಹನೂರಿನವರಿಗೆ ಕೊಳ್ಳೇಗಾಲದವರೆಗಿನ ಸುಮಾರು 25 ಕಿ.ಮೀ. ಹೆಚ್ಚು. ನಗರದ ಪ್ಯಾಕರ್ಸ್ ಸಂಸ್ಥೆಯನ್ನು ಕರೆದರೆ ಅದರ ವಾಹನ ನಮ್ಮೂರಿಗೆ ಬರಿದಾಗಿ ಬಂದು, ತುಂಬಿಕೊಂಡು ಹೋಗುತ್ತದೆ. ಊರಿನ ಲಾರಿಯನ್ನು ಗೊತ್ತುಮಾಡಿದರೆ ಅದು ತುಂಬಿ ಹೋಗಿ ಬರಿದಾಗಿ ಹಿಂದಿರುಗುತ್ತದೆ. ಎರಡರಲ್ಲೂ ಬರಿದಾಗಿ ಓಡುವ ದಾರಿಯ ಬಾಡಿಗೆಯನ್ನು ನಾವೇ ತೆರುತ್ತೇವೆ. ಸರಕು ಇಳಿಸಿ ನಗರಕ್ಕೆ ಬರಿದಾಗಿ ಮರಳುವ ವಾಹನ ಸಿಕ್ಕಿದರೆ ಬಾಡಿಗೆ ಇಳಿಯುತ್ತದೆ. ನಾಲ್ಕು ದಿನ ಹಿಂದುಮುಂದಾದರೂ ಅಡ್ಡಿಯಿಲ್ಲ ಎನ್ನುವವರು ಪೇಟೆಯ ಮಂಡಿಗಳಲ್ಲಿ, ಲಾರಿ ನಿಲ್ದಾಣದಲ್ಲಿ ವಿಚಾರಿಸಬಹುದು. ಎರಡು ಕೋಣೆಯ ಸಾಧಾರಣ ಸಂಸಾರ ಮೈಸೂರಿಗೆ ಹೋಗುವುದಾದರೆ ಪರಿಚಯದ ಗೂಡ್ಸ್ ಟೆಂಪೋ, ಇಬ್ಬರು ಹಮಾಲರು ಸಾಕು. ಗಾಜಿನ ಬೀರು, ಫ್ರಿಜ್ಜು, ವಾಷಿಂಗ್ ಮೆಷಿನ್ನು ಬಹಳವಿದ್ದು ಮನೆಯಲ್ಲಿ ಕಟ್ಟಿಕೊಡುವ ತರುಣರಿಲ್ಲದಿದ್ದರೆ ಪ್ಯಾಕರ್ಸ್ ಸಂಸ್ಥೆಯೇ ಮೇಲು.

ಸಂಸ್ಥೆಯನ್ನು ಆರಿಸುವಾಗ ಕನಿಷ್ಠ ಮೂರು ಕಡೆ ವಿಚಾರಿಸಿರಿ. ಅವರ ಮನುಷ್ಯ ಮನೆಗೆ ಬಂದು ಸಾಮಾನು ಕಣ್ಣಾರೆ ನೋಡಿ, ಅಥವಾ ವಿಡಿಯೋ ಕರೆಯಲ್ಲಾದರೂ ಕೋಣೆ ಕೋಣೆಯನ್ನೂ ನೋಡಿ, ದರವನ್ನು ಬರೆದು ಕೊಡಬೇಕು. ಕಟ್ಟುವುದು, ಏರಿಸುವುದು, ಇಳಿಸುವುದು, ಟೋಲ್, ಮಹಡಿ ಹತ್ತಿಸುವ ಕೂಲಿ, ತೆರಿಗೆ – ಇವೆಲ್ಲ ಸೇರಿದೆಯೇ ಎಂಬುದು ಆ ಕಾಗದದಲ್ಲಿರಲಿ. ಓಣಿ ಕಿರಿದಾಗಿ ಲಾರಿ ಬಾಗಿಲಿಗೆ ಬರದಿದ್ದರೆ ಅದನ್ನು ನೀವೇ ಮೊದಲು ತಿಳಿಸಿರಿ. ಬೆಂಗಳೂರಿನಲ್ಲಿ ಹಗಲಿನ ಕೆಲವು ವೇಳೆ ಸರಕು ವಾಹನಗಳಿಗೆ ಪ್ರವೇಶ ನಿರ್ಬಂಧವಿರುವುದರಿಂದ, ಲಾರಿ ತಲಪುವ ಹೊತ್ತನ್ನೂ ಕೇಳಿ ತಿಳಿಯಿರಿ.

ಹೆಸರಾಂತ ಸಂಸ್ಥೆಗಳ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡು ಫೋನಿನಲ್ಲಷ್ಟೇ ವ್ಯವಹರಿಸುವವರೂ ಉಂಟು. ಜಿ.ಎಸ್.ಟಿ. ನೋಂದಣಿ ಸಂಖ್ಯೆಯನ್ನು ಕೇಳಿ, ಸರ್ಕಾರದ ಜಾಲತಾಣದಲ್ಲಿ ಆ ಸಂಖ್ಯೆ ಯಾರ ಹೆಸರಿನಲ್ಲಿದೆಯೆಂದು ಮಕ್ಕಳಿಂದ ನೋಡಿಸಿರಿ. ಕಚೇರಿ ಇದೆಯೆಂದು ಹೇಳಿದ ವಿಳಾಸದಲ್ಲಿ ಕಚೇರಿ ಇದೆಯೇ ಎಂದು ಆ ಊರಿನ ಬಂಧುವೊಬ್ಬರಿಂದ ತಿಳಿಯಿರಿ. ಪೂರ್ಣ ಹಣವನ್ನು ಮುಂಗಡವಾಗಿ ಕೊಡಬೇಡಿ. ಅಲ್ಪ ಮುಂಗಡ, ಏರಿಸಿದ ಮೇಲೆ ಒಂದು ಭಾಗ, ಎಲ್ಲ ಇಳಿಸಿ ಎಣಿಸಿದ ಮೇಲೆ ಉಳಿದುದು ಎಂಬ ಕರಾರು ಒಳ್ಳೆಯದು. "ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆ" ಎಂದರೆ ಒಪ್ಪಬೇಡಿ. ಬಿಲ್ಲು ಬಿಟ್ಟವರಿಗೆ ನಾಳೆ ಕೇಳುವ ಹಕ್ಕಿನ ಆಧಾರವೂ ಹೋಗುತ್ತದೆ.

ಕಾನೂನಿನ ಒಂದೆರಡು ಮಾತು. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸರಕು ಸಾಗಣೆ ಸಂಸ್ಥೆ ನೋಂದಣಿ ಮಾಡಿಸಿರಬೇಕು, ಸರಕು ಪಡೆದುದಕ್ಕೆ ರಸೀದಿ ಕೊಡಬೇಕು. ಹೆಚ್ಚಿನ ಹೊಣೆಗೆ ಬೇರೆ ಕರಾರಿಲ್ಲದಿದ್ದರೆ, ನಷ್ಟವಾದಾಗ ಅದರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ; ನಾವು ಘೋಷಿಸಿದ ಮೌಲ್ಯವನ್ನು ಅದು ಮೀರುವುದಿಲ್ಲ. ಬಾಡಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಹೊಣೆಯ ಮಿತಿ 1,20,000. ಮನೆಯ ಸಾಮಾನು 3 ಲಕ್ಷದ್ದಾದರೆ ಉಳಿದ 1,80,000 ರೂಪಾಯಿಯ ಭಾರ ನಮ್ಮ ಮೇಲೆಯೇ. ಆದುದರಿಂದ ಮೌಲ್ಯವನ್ನು ಬರೆಸಬೇಕು, ಬೆಲೆಬಾಳುವ ಸಾಮಾನಿದ್ದರೆ ಸಾಗಣೆ ವಿಮೆ ಮಾಡಿಸಿ ವಿಮಾಪತ್ರವನ್ನೇ ಕೈಗೆ ಪಡೆಯಬೇಕು. ನಷ್ಟವಾದರೆ, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. 2019ರ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಸಲಹೆಗೆ 1915 ಎಂಬ ಸಹಾಯವಾಣಿಯಿದೆ.

ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಇ-ವೇ ಬಿಲ್ ಬೇಕಿಲ್ಲ. ಅದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಕಾಗಿಲ್ಲ. ಆದರೆ ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗಳು ಅಂಗಡಿಯ ಸೀರೆಯ ಗಂಟನ್ನು ಮನೆಸಾಮಾನಿನೊಡನೆ ಸೇರಿಸಿ ಕಳಿಸಬಾರದು. ವ್ಯಾಪಾರದ ಸರಕಿಗೆ ಬೇರೆ ಕಾಗದಪತ್ರ ಬೇಕು.

ಇನ್ನು ಖರ್ಚಿನ ಲೆಕ್ಕ. ಬಹುಮಂದಿ ಲಾರಿ ಬಾಡಿಗೆಯನ್ನಷ್ಟೇ ಖರ್ಚೆಂದು ತಿಳಿಯುತ್ತಾರೆ. ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ. ಮೊದಲನೆಯದು ಹೊರಡುವ ಮುನ್ನಿನ ಖರ್ಚು: ಹೊಸ ಮನೆಯ ಮುಂಗಡ, ಹಳೆಯ ಮನೆಯ ಬಾಕಿ, ಸುಣ್ಣಬಣ್ಣ, ವಿದ್ಯುತ್ ಬಿಲ್ಲು. ಎರಡನೆಯದು ಸಾಗಣೆಯ ದಿನದ ಖರ್ಚು. ಮೂರನೆಯದು ಹೋದ ಮೇಲಿನ ಖರ್ಚು: ಬಡಗಿ, ಎಲೆಕ್ಟ್ರಿಷಿಯನ್, ಪರದೆ, ಮಕ್ಕಳ ಶಾಲೆಯ ವಾಹನ. ನಾಲ್ಕನೆಯದು ಇವೆಲ್ಲದರ ಹತ್ತನೆಯ ಒಂದು ಭಾಗ, ಆಪತ್ತಿಗೆಂದು. ಒಂದು ತಿಂಗಳು ಎರಡು ಮನೆಗೂ ಬಾಡಿಗೆ ಬೀಳುವುದುಂಟು. ಅದನ್ನೂ ಮೊದಲೇ ಬರೆದಿಡಿ. ಹಳೆಯ ಮನೆಯ ಮುಂಗಡ ಹಿಂದಿರುಗುತ್ತದೆಂಬ ಭರವಸೆಯ ಮೇಲೆ ಹೊಸ ಮನೆಯ ಮುಂಗಡವನ್ನು ಒಪ್ಪಿಕೊಳ್ಳಬೇಡಿ. ಅದು ಕೈಗೆ ಬರುವುದು ಸಾಮಾನ್ಯವಾಗಿ ತಡವಾಗಿಯೇ.

ವರ್ಗಾವಣೆಯಾದ ನೌಕರರಿಗೆ ನಿಯಮದಂತೆ ಭತ್ಯೆ ದೊರೆಯುತ್ತದೆ. ಅದಕ್ಕಾಗಿ ಹೆಚ್ಚಿನ ಮೊತ್ತದ ಸುಳ್ಳು ಬಿಲ್ಲು ಬರೆದುಕೊಡುವವರೂ ಇದ್ದಾರೆ. ಕಾಯಕದ ಹಣ ಶುದ್ಧವಾಗಿರಬೇಕೆಂದು ಮಕ್ಕಳಿಗೆ ಕಲಿಸುವ ಮನೆಯವರು ಆ ಕಡೆ ನೋಡಬಾರದು. ಅಂತಹ ಬಿಲ್ಲು ಪತ್ತೆಯಾದರೆ ನೌಕರಿಗೇ ಕುತ್ತು.

ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮನೆ ಬದಲಿಸಬಾರದೆಂಬ ಅಂಜಿಕೆ ನಮ್ಮವರಲ್ಲಿಯೂ ಉಳಿದಿದೆ. ದಿನಕ್ಕೆ ಒಳಿತು ಕೆಡುಕನ್ನು ಹಚ್ಚುವುದನ್ನು ಶರಣರು ಒಪ್ಪಲಿಲ್ಲ. ವ್ಯವಹಾರದಲ್ಲಿಯೂ ಅದು ಲಾಭದ ಮಾತೇ: ಬೇರೆಯವರು ಹಿಂಜರಿಯುವ ತಿಂಗಳಲ್ಲಿ ವಾಹನ ಸುಲಭವಾಗಿ ದೊರೆಯುತ್ತದೆ, ಚೌಕಾಶಿಗೂ ಎಡೆಯಿರುತ್ತದೆ. ನಮ್ಮ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ. ಲೆಕ್ಕಿಸಬೇಕಾದುದು ಆ ಮಳೆಯನ್ನು. ಆಗ ಟಾರ್ಪಾಲು ಹೊದಿಸದ ಲಾರಿಗೆ ಸಾಮಾನು ಏರಿಸಬೇಡಿ.

ತಾಯಂದಿರಿಗೆ ಕೆಲವು ಸೂಚನೆಗಳು. ಸಾಮಾನಿನ ಪಟ್ಟಿಯನ್ನು ಎರಡು ಪ್ರತಿ ಬರೆದು ಒಂದಕ್ಕೆ ಸಾಗಿಸುವವರ ಸಹಿ ಹಾಕಿಸಿರಿ. ಪೆಟ್ಟಿಗೆಗಳಿಗೆ ಅಂಕಿ ಹಾಕಿರಿ. ವಾಹನದ ಸಂಖ್ಯೆಯ ಫೋಟೋ ತೆಗೆಯಿರಿ. ಒಡವೆ, ರೇಷ್ಮೆ ಸೀರೆ, ಜಮೀನಿನ ಪತ್ರ, ಅಂಕಪಟ್ಟಿ, ಔಷಧ, ಪೂಜೆಯ ಸಾಹಿತ್ಯ ನಿಮ್ಮ ಕೈಚೀಲದಲ್ಲೇ ಇರಲಿ. ಗ್ಯಾಸ್ ಸಿಲಿಂಡರನ್ನು ಲಾರಿಗೆ ಏರಿಸದೆ ಊರಿನ ವಿತರಕರಿಗೆ ಒಪ್ಪಿಸಿ, ವರ್ಗಾವಣೆಯ ಕಾಗದ ಪಡೆಯಿರಿ. ಗೃಹಜ್ಯೋತಿಯ ಸೌಲಭ್ಯವಿದ್ದವರು ಹಳೆಯ ಮೀಟರಿನ ಜೋಡಣೆಯನ್ನು ಬಿಡಿಸಿ, ಹೊಸ ಮನೆಯ ಮೀಟರಿಗೆ ಅರ್ಜಿ ಕೊಡಬೇಕು.

ಸಾಮಾನು ಕಡಿಮೆಯಾದಷ್ಟೂ ಬಾಡಿಗೆ ಕಡಿಮೆ. ಹತ್ತು ವರ್ಷ ಅಟ್ಟದಿಂದ ಇಳಿಯದ ವಸ್ತುವನ್ನು ನಗರದ ಕಿರುಮನೆಗೆ ಹೊತ್ತೊಯ್ದು ಇನ್ನೊಂದು ಅಟ್ಟಕ್ಕೆ ಏರಿಸುವುದೇಕೆ? ನೆರೆಯ ಬಡ ಸಂಸಾರಕ್ಕೆ ಕೊಡಿರಿ, ದಾಸೋಹವಾಗುತ್ತದೆ. ಆದರೆ ಮನೆಯ ಹಿರಿಯರ ಸಾಮಾನಿಗೆ ಈ ಲೆಕ್ಕ ಹಚ್ಚಬೇಡಿ. ಊರು, ನೆರೆಹೊರೆ, ಜಗಲಿ ಎಲ್ಲವನ್ನೂ ಬಿಟ್ಟು ಬರುವವರು ಅವರು. ಅಜ್ಜಿಯ ಪೆಟ್ಟಿಗೆಯನ್ನೋ ಬೀಸುಕಲ್ಲನ್ನೋ ಕೇಳದೆ ಕೊಟ್ಟುಬಿಡಬೇಡಿ. ಅದರ ಬಾಡಿಗೆ ನಾಲ್ಕು ಕಾಸು ಹೆಚ್ಚಾದರೆ ಆಗಲಿ. ಪಟ್ಟಿಯಲ್ಲಿ ಅದನ್ನೇ ಮೊದಲು ಬರೆಯಿರಿ, ಹೊಸ ಮನೆಯಲ್ಲಿ ಅದನ್ನೇ ಮೊದಲು ಇಳಿಸಿ, ಅವರ ಕಣ್ಣಿಗೆ ಬೀಳುವ ಕಡೆ ಇಡಿರಿ.