ಟಿಕೆಟ್ ತಗೊಂಡದ್ದು ಆಟಕ್ಕೆ, ಆಟಗಾರನಿಗಲ್ಲ

2025ರ ಫೆಬ್ರವರಿ 4ರ ಸಂಜೆ ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ಒಂದು ಗೂಡ್ಸ್ ಆಟೋ ಮುಂದಿದ್ದ ಕಾರಿಗೆ ತಾಗಿತು. ಕಾರಿನವರು ಇಳಿದು ಬಂದು ಆಟೋ ಚಾಲಕನ ಜೊತೆ ಕನ್ನಡದಲ್ಲೇ ವಾದ ಮಾಡಿದರು. ಪೊಲೀಸ್ ದೂರಿನವರೆಗೂ ಹೋಗದ ಮಾತು ಅದು. ಬೆಂಗಳೂರಿನಲ್ಲಿ ಇಂಥವು ದಿನಾ ಎಷ್ಟು ನಡೀತಾವೋ ಲೆಕ್ಕ ಇಟ್ಟವರಿಲ್ಲ. ಆದ್ರೆ ಆ ಕಾರಿನವರು ರಾಹುಲ್ ದ್ರಾವಿಡ್. ಅಷ್ಟೇ ಸಾಕಾಯ್ತು. ದಾರಿಹೋಕರೊಬ್ಬರ ಮೊಬೈಲಿನ ವಿಡಿಯೋ ದೇಶವೆಲ್ಲ ಸುತ್ತಿತು. 2021ರ ಜಾಹೀರಾತಿನ ‘ಇಂದಿರಾನಗರದ ಗೂಂಡಾ’ ಈಗ ನಿಜವಾಗಿಯೂ ರಸ್ತೆಗೆ ಬಂದ ಅಂತ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

“ಅದ್ರಾಗೇನು ತಪ್ಪೈತಿ? ರಸ್ತಾನೂ ಪಬ್ಲಿಕ್ಕು, ಅವ್ರೂ ಪಬ್ಲಿಕ್ಕು” ಅಂದ ನಮ್ಮ ಕಡೆಯ ಗೆಳೆಯನೊಬ್ಬ. ಅವನೂ ನನ್ನ ಹಾಗೆ ಹಳ್ಳಿಯಿಂದ ಬಂದು ಬಿ.ಇ. ಮಾಡಿ, ಔಟರ್ ರಿಂಗ್ ರೋಡಿನಲ್ಲಿ ಕೋಡ್ ಬರೆಯುವವನು. ಈ ಬರಹ ಅವನಿಗೆ ಉತ್ತರ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮನುಷ್ಯ ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಅವನ ಖಾಸಗಿತನ ಕಳೆದುಹೋಗೋದಿಲ್ಲ, ಅದು ಜಾಗಕ್ಕೆ ಅಂಟಿದ್ದಲ್ಲ, ವ್ಯಕ್ತಿಗೆ ಅಂಟಿದ್ದು ಅನ್ನೋ ಮಾತು ಆ ತೀರ್ಪಿನಲ್ಲೇ ಇದೆ. ಅಂದ್ರೆ ‘ರಸ್ತಾ ಪಬ್ಲಿಕ್ಕು’ ಅನ್ನೋ ವಾದ ಅವತ್ತೇ ಅರ್ಧ ಬಿತ್ತು.

ಇನ್ನರ್ಧ ಉಳಿದದ್ದು ‘ಅವ್ರೂ ಪಬ್ಲಿಕ್ಕು’ ಅನ್ನೋದು. ಅಭಿಮಾನಿಯ ನಿಜವಾದ ವಾದ ಇದೇ. ನಮ್ಮ ದುಡ್ಡಿನಿಂದ ಅವರು ದೊಡ್ಡವರಾದರು, ನಮ್ಮ ಚಪ್ಪಾಳೆಯಿಂದ ಅವರಿಗೆ ಜಾಹೀರಾತು ಸಿಕ್ಕಿತು, ಒಂದು ಸೆಲ್ಫಿ ಕೊಟ್ಟರೆ ಗಂಟೇನು ಹೋಗುತ್ತೆ? ಕೇಳೋದಕ್ಕೆ ನ್ಯಾಯವಾಗಿಯೇ ಇದೆ. ಆದ್ರೆ ಹಾಲು ಕೊಂಡವನಿಗೆ ಎಮ್ಮೆ ಮೇಲೆ ಹಕ್ಕು ಬರೋದಿಲ್ಲ. ನೀವು ಟಿಕೆಟ್ ತಗೊಂಡದ್ದು ಆಟಕ್ಕೆ. ಆಟ ಸರಿಯಿಲ್ಲದಿದ್ದರೆ ಬೈಯಿರಿ, ತಂಡದಿಂದ ತೆಗೀರಿ ಅಂತ ಬರೀರಿ, ಅದು ನಿಮ್ಮ ಹಕ್ಕು. ಆಟ ಮುಗಿದ ಮೇಲೆ ಆ ಮನುಷ್ಯ ಎಲ್ಲಿ ಊಟ ಮಾಡ್ತಾನೆ, ಯಾರ ಜೊತೆ ಜಗಳ ಆಡ್ತಾನೆ ಅನ್ನೋದು ಆ ಟಿಕೆಟ್ಟಿನೊಳಗೆ ಬರೋದಿಲ್ಲ.

ನಮ್ಮ ಐಟಿ ಮಂದಿಗೆ ಇದು ಬೇಗ ಅರ್ಥವಾಗಬೇಕು. ಶನಿವಾರ ರಾತ್ರಿ ಮ್ಯಾನೇಜರ್ ಫೋನ್ ಮಾಡಿದರೆ ವರ್ಕ್-ಲೈಫ್ ಬ್ಯಾಲೆನ್ಸ್ ಅಂತ ಕೂಗಾಡುವವರು ನಾವು. ಸಂಬಳ ಕೊಡುವ ಕಂಪನಿಗೇ ನಮ್ಮ ಭಾನುವಾರದ ಮೇಲೆ ಹಕ್ಕಿಲ್ಲ ಅನ್ನೋದಾದರೆ, ಇನ್ನೂರು ರೂಪಾಯಿ ರೀಚಾರ್ಜ್ ಮಾಡಿಸಿ ಮ್ಯಾಚ್ ನೋಡಿದವನಿಗೆ ಕೊಹ್ಲಿಯ ಮಕ್ಕಳ ಮುಖದ ಮೇಲೆ ಹಕ್ಕು ಎಲ್ಲಿಂದ ಬಂತು? 2024ರ ಡಿಸೆಂಬರಿನಲ್ಲಿ ಮೆಲ್ಬರ್ನ್ ವಿಮಾನನಿಲ್ದಾಣದಲ್ಲಿ ಆತ ಕ್ಯಾಮೆರಾದವರ ಮೇಲೆ ಸಿಟ್ಟಾಗಿದ್ದು ಇದೇ ಕಾರಣಕ್ಕೆ. ಅದಕ್ಕೂ ಮುಂಚೆ, 2022ರ ಅಕ್ಟೋಬರಿನಲ್ಲಿ, ಪರ್ತ್‌ನ ಹೋಟೆಲಿನಲ್ಲಿ ಆತ ಇಲ್ಲದಾಗ ಯಾರೋ ರೂಮಿನೊಳಗೆ ಹೋಗಿ ಬಟ್ಟೆ, ಬೂಟು ಎಲ್ಲ ಚಿತ್ರೀಕರಿಸಿ ಹರಿಬಿಟ್ಟರು. ಹೋಟೆಲಿನವರು ಕ್ಷಮೆ ಕೇಳಿದರು. ಅದನ್ನೂ ‘ಅಭಿಮಾನ’ ಅಂತಲೇ ಕರೆದವರಿದ್ದರು. ಬೀಗ ಹಾಕಿದ ರೂಮಿಗೆ ನುಗ್ಗೋದು ಅಭಿಮಾನವಾದರೆ ಕಳ್ಳತನಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ಸರಿ, ಇವರೆಲ್ಲ ಕೋಟಿ ಕೋಟಿ ದುಡಿಯುವವರು, ಬಾಡಿಗಾರ್ಡ್ ಇಟ್ಟುಕೊಂಡವರು, ಹೇಗೋ ನಿಭಾಯಿಸ್ತಾರೆ. ನನ್ನ ಚಿಂತೆ ಅವರದಲ್ಲ. ನನ್ನ ಚಿಂತೆ ವಿಜಯಪುರದ್ದು.

ನಮ್ಮ ಜಿಲ್ಲೆ ಸೈಕ್ಲಿಂಗಿಗೆ ಹೆಸರಾದದ್ದು. ವಿಜಯಪುರದ ಕ್ರೀಡಾ ಹಾಸ್ಟೆಲಿನಿಂದ, ಸುತ್ತಲಿನ ಹಳ್ಳಿಗಳಿಂದ ಹೋದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ವೆಲೋಡ್ರೋಮ್ ಕೆಲಸ ವರ್ಷಗಟ್ಟಲೆ ಎಳೆದಾಡಿತು. ಅದು ಇದ್ದರೂ ರೋಡ್ ರೇಸಿಗೆ ತಯಾರಾಗಬೇಕಾದರೆ ರಸ್ತೆಯೇ ಬೇಕು. ಬೆಳಿಗ್ಗೆ ಬೇಗ ಎದ್ದು ತಿಕೋಟಾ ಕಡೆ ಹೋದರೆ, ಬಬಲೇಶ್ವರ ಕಡೆ ಹೋದರೆ, ಜೋಳದ ಹೊಲದ ನಡುವಿನ ಆ ನೆಟ್ಟಗಿನ ರಸ್ತೆಯಲ್ಲಿ ತಲೆ ಬಗ್ಗಿಸಿ ಸೈಕಲ್ ತುಳಿಯುವ ಮಕ್ಕಳು ಕಾಣ್ತಾರೆ. ಅವರ ಆಫೀಸು ಅದೇ. ಆ ಆಫೀಸಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ಐಡಿ ಕಾರ್ಡ್ ನೋಡುವ ಸೆಕ್ಯುರಿಟಿಯೂ ಇಲ್ಲ.

ಅಲ್ಲೀಗ ಬೈಕಿನ ಮೇಲೆ ಇಬ್ಬರು ಹುಡುಗರು ಬರ್ತಾರೆ. ಹಿಂದೆ ಕೂತವನ ಕೈಯಲ್ಲಿ ಮೊಬೈಲು. ಸೈಕ್ಲಿಂಗ್ ಡ್ರೆಸ್ಸಿನಲ್ಲಿರುವ ಹುಡುಗಿಯ ಪಕ್ಕಕ್ಕೇ ಗಾಡಿ ಓಡಿಸುತ್ತ, ಒಂದು ಕಿಲೋಮೀಟರ್ ವಿಡಿಯೋ ಮಾಡಿ, ‘ನಮ್ಮ ಊರ ಹೆಮ್ಮೆ’ ಅಂತ ಹಾಡು ಹಚ್ಚಿ ರೀಲ್ಸ್ ಬಿಡ್ತಾರೆ. ಹೆಮ್ಮೆ ಮೇಲಿರುತ್ತೆ, ಕೆಳಗಿನ ಕಾಮೆಂಟು ಓದುವ ಹಾಗಿರೋದಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಂಥ ವಿಡಿಯೋ ಊರ ವಾಟ್ಸಾಪ್ ಗ್ರೂಪಿಗೆ ಬಂತು. ಅಪ್ಪ ನೋಡಿದ. ಅವನು ಕೆಟ್ಟವನಲ್ಲ, ಸಾಲ ಮಾಡಿ ಮಗಳಿಗೆ ಸೈಕಲ್ ಕೊಡಿಸಿದವನೇ. “ಸಾಕ್ ಬಿಡವ್ವಾ, ಮಂದಿ ಬಾಯಿಗೆ ಬೀಳೂದು ಬ್ಯಾಡ” ಅಂದ. ಸೈಕಲ್ ಈಗ ದನದ ಕೊಟ್ಟಿಗೆಯಲ್ಲಿದೆ. ವಿಡಿಯೋ ಮಾಡಿದ ಹುಡುಗರಿಗೆ ತಾವೇನು ಮಾಡಿದೆವು ಅಂತ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಅವರೂ ‘ರಸ್ತಾ ಪಬ್ಲಿಕ್ಕು’ ಅಂತಲೇ ಹೇಳ್ತಾರೆ.

ಇಂಥ ಕಡೆ ಕಾನೂನು ಅಷ್ಟಾಗಿ ಕೈಗೆ ಬರೋದಿಲ್ಲ. ಕದ್ದು ನೋಡುವ ಅಪರಾಧದ ಕಲಮು ಖಾಸಗಿ ಕ್ರಿಯೆಯ ಚಿತ್ರೀಕರಣಕ್ಕೆ. ಸೈಕಲ್ ತುಳಿಯೋದು ಅದರಲ್ಲಿ ಬರೋದಿಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ಹೊರಗಿಟ್ಟಿದೆ. ಹಾಗಾಗಿ ಈ ಹೊರೆ ನಮ್ಮ ನಡತೆಯ ಮೇಲೆಯೇ ಬರುತ್ತೆ.

ನಡತೆ ನಮಗೆ ಹೊಸದೇನಲ್ಲ. ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಗೊತ್ತು. ಗೆದ್ದ ಪೈಲ್ವಾನನನ್ನು ಹೆಗಲ ಮೇಲೆ ಹೊತ್ತು ಕುಣೀತಾರೆ, ರುಮಾಲು ಸುತ್ತುತಾರೆ, ನೋಟಿನ ಹಾರ ಹಾಕ್ತಾರೆ. ಆದ್ರೆ ಮರುದಿನ ಅದೇ ಪೈಲ್ವಾನ ಗರಡಿಮನೆಯಲ್ಲಿ ಸಾಮು ಮಾಡುವಾಗ ಚಪ್ಪಲಿ ಹಾಕ್ಕೊಂಡು ಒಳಗೆ ನುಗ್ಗಿ ನೋಡಲಿ ಯಾರಾದರೂ! ಕಣ ಎಲ್ಲರದು, ಗರಡಿ ಅವನದು. ಈ ಗೆರೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೊಬೈಲು ಬಂದ ಮೇಲೆ ಇಡೀ ಜಗತ್ತನ್ನೇ ಕಣ ಅಂತ ತಿಳಕೊಂಡಿದ್ದೇವೆ.

ಖಾಸಗಿತನ ಅಂದ್ರೆ ಬಚ್ಚಿಡೋದು ಅಂತ ಬಹಳ ಜನರ ತಿಳುವಳಿಕೆ. ಅಲ್ಲ. ನಮ್ಮ ಊರಿನ ರಾಜೇಶ್ವರಿ ಗಾಯಕವಾಡ ಅವರನ್ನೇ ನೋಡಿ. 2017ರ ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಭಾರತವನ್ನು ವಿಶ್ವಕಪ್ ಸೆಮಿಫೈನಲ್ಲಿಗೆ ಒಯ್ದವರು. ಊರಿಗೆ ಬಂದಾಗ ಬಬಲೇಶ್ವರದ ಶಾಸಕರೂ ಆಗ ಜಲಸಂಪನ್ಮೂಲ ಸಚಿವರೂ ಆಗಿದ್ದ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದೆ ಬಂದರು. ಆಕೆ ಕಾರು ಬೇಡ, ಮೊದಲು ನಮ್ಮ ಮನೆಯವರಿಗೆ ಒಂದು ಮನೆ ಬೇಕು ಅಂದರು. ಮನೆಯಿಲ್ಲ ಅನ್ನೋದಕ್ಕಿಂತ ಖಾಸಗಿ ಮಾತು ಯಾವುದಿದೆ? ಅದನ್ನು ಊರೆಲ್ಲ ಕೇಳುವಂತೆ ಹೇಳಿದರು. ಆದ್ರೆ ಹೇಳಿದ್ದು ಅವರು. ಯಾವಾಗ, ಯಾರ ಮುಂದೆ, ಎಷ್ಟು ಅನ್ನೋದು ಅವರ ಕೈಯಲ್ಲಿತ್ತು. ಖಾಸಗಿತನ ಅಂದ್ರೆ ಇದೇ. ಅದೇ ಸಂಗತಿಯನ್ನು ಯಾರೋ ಕಿಟಕಿಯಿಂದ ಮೊಬೈಲ್ ಇಳಿಬಿಟ್ಟು ತೋರಿಸಿದ್ದರೆ ಮಾತು ಒಂದೇ, ಮರ್ಯಾದೆ ಒಂದೇ ಆಗಿರುತ್ತಿರಲಿಲ್ಲ.

ಹಾಗಾದ್ರೆ ಆಟಗಾರ ರಸ್ತೆಯಲ್ಲಿ ಯಾರಿಗಾದರೂ ಹೊಡೆದರೆ ವಿಡಿಯೋ ಮಾಡಬಾರದಾ ಅಂತ ಗೆಳೆಯ ಕೇಳಿಯೇ ಕೇಳ್ತಾನೆ. ಮಾಡಿ. ಅವಶ್ಯವಾಗಿ ಮಾಡಿ, ಪೊಲೀಸರಿಗೆ ಕೊಡಿ. ಸಾಕ್ಷಿ ಬೇರೆ, ತಮಾಷೆ ಬೇರೆ. ದ್ರಾವಿಡ್ ವಿಡಿಯೋದಿಂದ ಯಾವ ನ್ಯಾಯ ತೀರ್ಮಾನವಾಯ್ತು ಹೇಳಿ? ನಮ್ಮ ನಾಯಕನಿಗೂ ಟ್ರಾಫಿಕ್ಕಿನಲ್ಲಿ ಸಿಟ್ಟು ಬರುತ್ತೆ ಅಂತ ಗೊತ್ತಾಯ್ತು, ಅಷ್ಟೇ. ಹೆಸರು ಕೇಳದ ಆ ಆಟೋ ಚಾಲಕನ ಮುಖವೂ ಜೊತೆಗೆ ಊರೆಲ್ಲ ತಿರುಗಿತು. ಅವನಂತೂ ಯಾವ ಜಾಹೀರಾತಿನಲ್ಲೂ ದುಡ್ಡು ತಗೊಂಡವನಲ್ಲ.

ಆಟೋಗ್ರಾಫ್ ಕೇಳೋದು ತಪ್ಪಲ್ಲ. ಕೇಳೋದೇ ಸರಿಯಾದ ದಾರಿ. ಕೇಳುವುದರಲ್ಲಿ ‘ಇಲ್ಲ’ ಅನ್ನೋ ಉತ್ತರಕ್ಕೂ ಜಾಗವಿರುತ್ತೆ. ಒಂದು ಕುಕೀಗೂ ‘ಅಕ್ಸೆಪ್ಟ್’, ‘ರಿಜೆಕ್ಟ್’ ಅಂತ ಎರಡು ಬಟನ್ ಇಡಬೇಕು ಅಂತ ಮೀಟಿಂಗಿನಲ್ಲಿ ವಾದ ಮಾಡುವವರು ನಾವು. ಮನುಷ್ಯರ ಮುಖಕ್ಕೂ ಆ ಎರಡನೇ ಬಟನ್ ಇರಲಿ. ಇಲ್ಲ ಅಂದರೆ ಮೊಬೈಲು ಜೇಬಿಗೆ ಹೋಗಬೇಕು, ‘ಅಹಂಕಾರ ನೋಡು’ ಅನ್ನೋ ಪೋಸ್ಟಿಗಲ್ಲ. ಊಟ ಮಾಡುವಾಗ, ಆಸ್ಪತ್ರೆಯಲ್ಲಿ, ಮಕ್ಕಳು ಜೊತೆಗಿರುವಾಗ ಕೇಳಲೂಬೇಡಿ.

ಮತ್ತೆ ತಿಕೋಟಾ ರಸ್ತೆಯಲ್ಲಿ ಸೈಕಲ್ ತುಳಿಯುವ ಹುಡುಗಿ ಕಂಡರೆ, ಗಾಡಿ ಸ್ವಲ್ಪ ಬದಿಗೆ ತಗೊಂಡು ಆಕೆಗೆ ದಾರಿ ಬಿಡಿ. ವಿಡಿಯೋ ಮಾಡಲೇಬೇಕು ಅನ್ನಿಸಿದರೆ ಅವಳ ರೇಸಿನ ದಿನ ಬನ್ನಿ, ಫಿನಿಶ್ ಲೈನಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ. ಅಲ್ಲಿ ಜನ ಬರಲಿ ಅಂತ ಅವಳೂ ಕಾಯ್ತಿರ್ತಾಳೆ.