ಕಾಗದದ ಕಾರ್ಖಾನೆ ಮುಚ್ಚಿತು, ಕಾಗದದ ಕಾಡು ಉಳಿಯಿತು

ಕೊಟ್ಟಿಗೆಗೆ ಹಾಸಲು ಅಕೇಶಿಯಾ ದರಕು ಗುಡಿಸಿ ತಂದವರಿಗೆ ಅದರ ಗುಣ ಗೊತ್ತು. ಮತ್ತಿ, ನಂದಿ, ಹೊನ್ನೆಯ ಸೊಪ್ಪು ಸಗಣಿ-ಗಂಜಲದಲ್ಲಿ ನೆನೆದು ಗುಂಡಿ ಸೇರಿದರೆ ಕೆಲವೇ ತಿಂಗಳಲ್ಲಿ ಕರಗಿ ಕಪ್ಪಗಾಗುತ್ತದೆ. ಅಕೇಶಿಯಾದ್ದು ಹಾಗಲ್ಲ. ಗೊಬ್ಬರ ತೆಗೆಯುವಾಗಲೂ ಕುಡುಗೋಲಿನಂಥ ಎಲೆ ಇದ್ದ ಹಾಗೇ ಕೈಗೆ ಸಿಗುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಅದು ಎಲೆಯೂ ಅಲ್ಲ, ಚಪ್ಪಟೆಯಾಗಿ ಬೆಳೆದ ತೊಟ್ಟು. ಎಲೆಯೇ ಎಲೆಯಲ್ಲದ ಮರದ ತೋಪನ್ನು ನಾವು ಕಡತದಲ್ಲಿ ಕಾಡೆಂದು ಬರೆದುಕೊಂಡು ಕೂತಿದ್ದೇವೆ.

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ಗೆ ಕಾಗದಕ್ಕೆ ಅಕೇಶಿಯಾದಂಥ ಮರ ಬೆಳೆಸಲೆಂದು ಮಲೆನಾಡಿನ ಅರಣ್ಯಭೂಮಿ 40 ವರ್ಷದ ಗುತ್ತಿಗೆಗೆ ಹೋದದ್ದು 1980ರಲ್ಲಿ. 2015ರಲ್ಲಿ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. 2020ರಲ್ಲಿ ಗುತ್ತಿಗೆಯೂ ಮುಗಿಯಿತು. ಕಾಗದವೇ ತಯಾರಾಗದ ಮೇಲೆ ಭೂಮಿ ಅರಣ್ಯಕ್ಕೆ ಮರಳಬೇಕಿತ್ತು. ಸರ್ಕಾರ ಮಾಡಿದ್ದೇನು? ಸುಮಾರು 20,000 ಹೆಕ್ಟೇರನ್ನು ಇನ್ನೂ 40 ವರ್ಷ ಅದೇ ಕಂಪನಿಯ ಹೆಸರಿಗೆ ಮುಂದುವರಿಸಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನವರು ಬೀದಿಗಿಳಿದದ್ದು ಇದಕ್ಕೆ.

ನೆಡುತೋಪಿನ ಪರ ವಾದಿಸುವವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಜಂಬಿಟ್ಟಿಗೆ ಕಲ್ಲಿನ ಬೋಳುಗುಡ್ಡದಲ್ಲಿ ಬೇರೇನೂ ಏಳದಾಗ ಅಕೇಶಿಯಾ ಎದ್ದಿತು. ದನ ಬಾಯಿ ಹಾಕಲಿಲ್ಲ. ಅಡಿಕೆ ಬೇಯಿಸಲು ಸೌದೆಯಾಯಿತು. ಆದರೆ ನೆಡುತೋಪು ಬೋಳುಗುಡ್ಡಕ್ಕೇ ನಿಂತಿತೇ? ಕಾನಿನ ಅಂಚೂ ಹೋಯಿತು, ದನ ಮೇಯುವ ಬ್ಯಾಣವೂ ಹೋಯಿತು. ಹುಲ್ಲುಗಾವಲನ್ನು ‘ಪಾಳು’ ಎಂದು ಕರೆದವರಿಗೆ ಅಲ್ಲಿ ಮೇಯುವ ದನವೂ ಕಾಣಲಿಲ್ಲ, ಗೂಡು ಕಟ್ಟುವ ಹಕ್ಕಿಯೂ ಕಾಣಲಿಲ್ಲ.

ಈ ಜಗಳ ಹೊಸದೇನೂ ಅಲ್ಲ. 1987ರ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಹೂಡಿ, ಪಲ್ಪ್‌ವುಡ್ ಕಂಪನಿ ನೆಟ್ಟ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಕೊನೆಗೆ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಆ ಪಾಠ ಕಲಿಯಬೇಕಾದವರು ಆಗಲೇ ವರ್ಗವಾಗಿ ಹೋಗಿರಬೇಕು.

ಹಾಗೆಂದು ಜೆಸಿಬಿ ತಂದು ಅಕೇಶಿಯಾವನ್ನೆಲ್ಲ ಒಂದೇ ಬೇಸಿಗೆಯಲ್ಲಿ ಬೋಳಿಸಬೇಕೆಂಬ ಆವೇಶವೂ ನನಗೆ ಒಪ್ಪಿಗೆಯಿಲ್ಲ. ಹಳೆಯ ತೋಪಿನೊಳಗೆ ಬಗ್ಗಿ ನೋಡಿ. ಹಕ್ಕಿ ಉದುರಿಸಿದ ಬೀಜದಿಂದ ನೇರಳೆ ಎದ್ದಿರುತ್ತದೆ, ಹಳೇ ಬೊಡ್ಡೆಯಿಂದ ಮತ್ತಿ ಚಿಗುರಿರುತ್ತದೆ. ಹಂತಹಂತವಾಗಿ ತೆಳುಗೊಳಿಸಿ, ಬೆಂಕಿ ತಡೆದು, ಆ ಸಸಿಗಳಿಗೆ ಬಿಸಿಲು ಬಿಟ್ಟರೆ ಅರ್ಧ ಕೆಲಸ ಕಾಡೇ ಮಾಡುತ್ತದೆ. ಅಲ್ಲಿ ಬರದಿದ್ದದ್ದನ್ನು ಮಾತ್ರ ನೆಟ್ಟರಾಯಿತು: ಉಪ್ಪಾಗೆ, ಮುರುಗಲು, ವಾಟೆ, ಹಳ್ಳದಂಚಿಗೆ ಅಪ್ಪೆಮಿಡಿ.

ನೆಟ್ಟದ್ದರ ಫಲ ಯಾರದ್ದು ಎಂಬುದು ಮಾತ್ರ ಮೊದಲೇ ಇತ್ಯರ್ಥವಾಗಬೇಕು. ಸಿದ್ದಾಪುರ, ಶಿರಸಿ ಕಡೆ ಉಪ್ಪಾಗೆ ಕೊಯ್ಲು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮರ ಯಾರದ್ದೂ ಅಲ್ಲದಿದ್ದಾಗ ಕಾಯಿ ಹಣ್ಣಾಗುವ ತನಕ ಕಾಯುವವನೇ ದಡ್ಡ. ತಾನು ಬಿಟ್ಟರೆ ಪಕ್ಕದವನು ಕೊಯ್ಯುತ್ತಾನೆ. ಹಾಗಾಗಿ ಎಳೆಗಾಯಿ ಇಳಿಯುತ್ತದೆ, ಅವಸರಕ್ಕೆ ಕೊಂಬೆಯೂ ಇಳಿಯುತ್ತದೆ, ಮೊಳೆಯಲು ಬೀಜ ಉಳಿಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನದ ಮೇಲೂ ಸಮುದಾಯ ಅರಣ್ಯದ ಮೇಲೂ ಊರಿಗೆ ಹಕ್ಕಿದೆ. ಆ ಹಕ್ಕನ್ನು ಬರೆದುಕೊಡದೆ ವನಮಹೋತ್ಸವದ ದಿನ ಶಾಲೆ ಮಕ್ಕಳ ಕೈಯಲ್ಲಿ ಸಸಿ ಹಿಡಿಸಿ ಫೋಟೊ ತೆಗೆಸುವುದು ಬರೀ ನಾಟಕ.

ಬಯ್ಗುಳವೆಲ್ಲ ಸರ್ಕಾರಕ್ಕೇ ಮೀಸಲಿಟ್ಟರೆ ನಾವು ಅಡಿಕೆ ಬೆಳೆಗಾರರು ಸುಲಭವಾಗಿ ಪಾರಾಗುತ್ತೇವೆ. ತೋಟದ ಸೊಪ್ಪಿಗೆಂದು ನಮ್ಮ ಹಿರಿಯರಿಗೆ ಸಿಕ್ಕ ಸೊಪ್ಪಿನಬೆಟ್ಟವನ್ನು ನಾವೇನು ಮಾಡಿದೆವು? ಕೊಂಬೆ ಸವರಿ ಸವರಿ ಮರ ಸಾಯಿಸಿದೆವು, ಕೆಲವರು ಬೆಟ್ಟಕ್ಕೇ ಅಡಿಕೆ ಏರಿಸಿದರು. ಮಂಗ ಬಂದು ಎಳೆಯಡಿಕೆ ಕಚ್ಚಿ ಬೀಳಿಸಿದಾಗ ಹೆಬ್ಬಲಸಿನ ಮರ ಕಡಿದವರು ಯಾರೆಂದು ಮಾತ್ರ ಕೇಳಿಕೊಳ್ಳಲಿಲ್ಲ. ನಮ್ಮನೆ ಬೆಟ್ಟದಲ್ಲೂ ಅಕೇಶಿಯಾ ಇದೆ. ಸಸಿ ತಂದು ಕೊಟ್ಟಾಗ ಬೇಡ ಅನ್ನಲಿಲ್ಲ. ಗುಂಡಿ ತೋಡಿದ ಆಳುಗಳಿಗೆ ಚಹಾ ಕೊಟ್ಟದ್ದೂ ನಮ್ಮ ಮನೆಯಿಂದಲೇ.