ಎಂ.ಟೆಕ್. ಪದವಿಗೂ ಬೋಧನಾಭ್ಯಾಸ ಬೇಕು

ಕಳೆದ ಇಂಟರ್ನ್‌ಶಿಪ್ ಅವಧಿಯಲ್ಲಿ ನನ್ನ ಮೇಲ್ವಿಚಾರಣೆಗೆ ಬಂದ ಪ್ರಶಿಕ್ಷಣಾರ್ಥಿಗಳಲ್ಲಿ ಒಬ್ಬರು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮುಗಿಸಿದ್ದವರು. ಎರಡು ವರ್ಷ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡಿ, ಅಲ್ಲಿ ವಿದ್ಯಾರ್ಥಿಗಳು ಕಡಿಮೆಯಾಗಿ ಕೆಲಸ ಹೋದ ಮೇಲೆ ಬಿ.ಇಡ್.ಗೆ ಸೇರಿದ್ದರು. ಹತ್ತನೇ ತರಗತಿಗೆ ‘ವಿದ್ಯುಚ್ಛಕ್ತಿ’ ಘಟಕ. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು, ಕಪ್ಪು ಹಲಗೆಯ ಕೆಲಸ ನೋಡುವಂತಿತ್ತು. ಓಮ್‌ನ ನಿಯಮ ಮುಗಿಯುತ್ತಿದ್ದಂತೆ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಹಿಟ್ಟಿನ ಗಿರಣಿ ಓಡೋವಾಗ ನಮ್ಮನೆ ಫ್ಯಾನ್ ಯಾಕೆ ನಿಧಾನ ಆಗುತ್ತೆ?”

“ಅದು ಬೇರೆ ವಿಷಯ, ಕೂತ್ಕೋ” ಎಂದು ಅವರು ಮುಂದಿನ ಲೆಕ್ಕಕ್ಕೆ ಹೋದರು.

ಅದು ಬೇರೆ ವಿಷಯವಾಗಿರಲಿಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ಮನೆಯವರೆಗಿನ ತಂತಿಗೂ ರೋಧವಿದೆ. ಗಿರಣಿಯ ಮೋಟರ್ ಹೆಚ್ಚು ಪ್ರವಾಹ ಎಳೆದಾಗ ಆ ತಂತಿಯಲ್ಲೇ ಹೆಚ್ಚು ವೋಲ್ಟೇಜ್ ಇಳಿದುಹೋಗಿ, ಅದೇ ಲೈನಿನಲ್ಲಿರುವ ಮನೆಗೆ ತಲುಪುವುದು ಕಡಿಮೆಯಾಗುತ್ತದೆ. ಹಲಗೆಯ ಮೇಲೆ ಅವರೇ ಬರೆದಿದ್ದ ಸೂತ್ರ ಅದು. ಪಾಠದ ನಂತರ ಮಾತಾಡುತ್ತಾ ನಿಮ್ಮ ಎಂ.ಟೆಕ್. ಪ್ರಬಂಧ ಯಾವುದರ ಮೇಲೆ ಎಂದು ವಿಚಾರಿಸಿದೆ. ಫೀಡರಿನ ಕೊನೆಯಲ್ಲಿರುವ ಬಳಕೆದಾರರಿಗೆ ವೋಲ್ಟೇಜ್ ಕುಸಿಯದಂತೆ ಕೆಪಾಸಿಟರ್‌ಗಳನ್ನು ಎಲ್ಲಿ ಇಡಬೇಕು ಎಂಬುದರ ಮೇಲೆ, ಎಂದರು. ಹೇಳುತ್ತಿರುವಾಗಲೇ ಅವರ ಮುಖ ಬದಲಾಯಿತು. ಒಂದು ವರ್ಷ ಕಂಪ್ಯೂಟರ್ ಮುಂದೆ ಕೂತು ಬಿಡಿಸಿದ ಸಮಸ್ಯೆಯನ್ನೇ ಆ ಹುಡುಗಿ ಮನೆಯ ಮಾತಿನಲ್ಲಿ ಕೇಳಿದ್ದಳು, ಅವರಿಗೆ ಗುರುತು ಸಿಕ್ಕಿರಲಿಲ್ಲ. “ಮೇಡಂ, ಎಂಜಿನಿಯರಿಂಗ್ ಕಾಲೇಜಲ್ಲಿ ಎರಡು ವರ್ಷ ಪಾಠ ಮಾಡಿದೆ. ನನ್ನ ಕ್ಲಾಸಲ್ಲಿ ಕೂತು ನೋಡಿದವರು ಯಾರೂ ಇರಲಿಲ್ಲ” ಎಂದರು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ತಪ್ಪು ಅವರದೆಂದು ನನಗೆ ಅನ್ನಿಸುವುದಿಲ್ಲ. ಆ ಪದವಿಗೆ ಏನೇನು ಬೇಕು ಎಂದು ನೋಡಿದರೆ ಕಾರಣ ಅಲ್ಲೇ ಇದೆ. ಎ.ಐ.ಸಿ.ಟಿ.ಇ. 2018ರಲ್ಲಿ ಹೊರತಂದ ಸ್ನಾತಕೋತ್ತರ ಮಾದರಿ ಪಠ್ಯಕ್ರಮದಲ್ಲಿ ಎಂ.ಟೆಕ್.ಗೆ ಒಟ್ಟು 68 ಕ್ರೆಡಿಟ್. ಅದರಲ್ಲಿ ಪ್ರಬಂಧದ ಎರಡು ಹಂತಗಳಿಗೇ 10 ಮತ್ತು 16, ಅಂದರೆ 26. ಉಳಿದದ್ದು ಕಡ್ಡಾಯ ವಿಷಯಗಳು, ಐಚ್ಛಿಕ ವಿಷಯಗಳು, ಪ್ರಯೋಗಾಲಯ, ಸಂಶೋಧನಾ ವಿಧಾನ ಇತ್ಯಾದಿ. ಬೋಧನೆಗೆ ಜಾಗವೇ ಇಲ್ಲ ಎನ್ನುವಂತೆಯೂ ಇಲ್ಲ: ‘ಪೆಡಗಾಜಿ ಸ್ಟಡೀಸ್’ ಎಂಬ ಕೋರ್ಸ್ ಇದೆ. ಆದರೆ ಅದು ಸೊನ್ನೆ ಕ್ರೆಡಿಟ್‌ನ ಆಡಿಟ್ ಕೋರ್ಸುಗಳಲ್ಲಿ ಒಂದು. ವಿಪತ್ತು ನಿರ್ವಹಣೆ, ಯೋಗದಿಂದ ಒತ್ತಡ ನಿವಾರಣೆ, ತಾಂತ್ರಿಕ ಜ್ಞಾನಕ್ಕಾಗಿ ಸಂಸ್ಕೃತ ಇವುಗಳ ಜೊತೆ ಅದೂ ಒಂದು ಆಯ್ಕೆ. ಅದರ ಪಠ್ಯವಸ್ತುವನ್ನು ಓದಿ ನನಗೆ ನಗು ಬಂತು. ಅಭಿವೃದ್ಧಿಶೀಲ ದೇಶಗಳ ತರಗತಿಗಳ ಬಗೆಗಿನ ಸಂಶೋಧನೆಗಳ ಸಮೀಕ್ಷೆ ಅದು, ಮುಖ್ಯೋಪಾಧ್ಯಾಯರ ಮತ್ತು ಸಮುದಾಯದ ಬೆಂಬಲದ ಪ್ರಸ್ತಾಪವೂ ಇದೆ! ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಅರವತ್ತು ಹುಡುಗರಿಗೆ ಮೋಟರಿನ ಪ್ರಯೋಗ ಮಾಡಿಸುವವರಿಗೆ ಅದರಿಂದ ಏನು ಸಿಗಬೇಕು?

ಎಂ.ಟೆಕ್. ಇರುವುದು ಸಂಶೋಧನೆಗೆ, ಉದ್ಯಮಕ್ಕೆ. ಮೇಷ್ಟರನ್ನು ತಯಾರು ಮಾಡಲು ಅಲ್ಲ ಎಂದು ಎಂಜಿನಿಯರಿಂಗ್ ಕಾಲೇಜಿನ ಗೆಳೆಯರೊಬ್ಬರು ವಾದಿಸಿದರು. ವಾದ ಸರಿಯೇ, ನೇಮಕಾತಿ ನಿಯಮ ಬೇರೆ ಹೇಳದಿದ್ದರೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇ. ಮತ್ತು ಎಂ.ಟೆಕ್. ಬೇಕು, ಎರಡರಲ್ಲಿ ಒಂದು ಪ್ರಥಮ ದರ್ಜೆಯಾಗಿರಬೇಕು. ಒಂದು ಪದವಿಯನ್ನು ಅಧ್ಯಾಪಕ ವೃತ್ತಿಯ ಬಾಗಿಲಿನಲ್ಲಿ ನಿಲ್ಲಿಸಿದ ಮೇಲೆ ಬೋಧನೆ ನಮ್ಮ ಉದ್ದೇಶವಲ್ಲ ಎನ್ನಲು ಬರುವುದಿಲ್ಲ. ಹೊಸದಾಗಿ ಸೇರಿದವರಿಗಾಗಿ ಎ.ಐ.ಸಿ.ಟಿ.ಇ. ಎಂಟು ಮಾಡ್ಯೂಲುಗಳ ಆನ್‌ಲೈನ್ ತರಬೇತಿಯನ್ನು ತಂದಿದೆ, ಒಳ್ಳೆಯದೇ. ಆದರೆ ಅದು ನೇಮಕವಾದ ಮೇಲಿನ ಮಾತು.

ನನಗೆ ಹೆಚ್ಚು ಆಶ್ಚರ್ಯವಾದದ್ದು ಇನ್ನೊಂದು ಸಂಗತಿ. ಗೇಟ್ ಪರೀಕ್ಷೆಯ ಅರ್ಹತೆಯಿಂದ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಅದಕ್ಕೆ ಪ್ರತಿಯಾಗಿ ಅವರು ವಾರಕ್ಕೆ 8ರಿಂದ 10 ಗಂಟೆ ಬೋಧನೆ ಹಾಗೂ ಸಂಶೋಧನೆಗೆ ಸಂಬಂಧಿಸಿದ ಕೆಲಸ ಮಾಡಬೇಕು. ವಾರಕ್ಕೆ ನಾಲ್ಕೇ ಗಂಟೆ ಬೋಧನೆಗೆ ಸಿಕ್ಕಿತು ಎಂದುಕೊಂಡರೂ 16 ವಾರದ ಒಂದು ಸೆಮಿಸ್ಟರಿಗೆ 64 ಗಂಟೆ. ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಅಷ್ಟು ಗಂಟೆ ತರಗತಿ ಸಿಗಬೇಕಾದರೆ ನಾವು ಎಷ್ಟು ಶಾಲೆಗಳ ಬಾಗಿಲು ತಟ್ಟುತ್ತೇವೆ! ನಮ್ಮ ಪ್ರಶಿಕ್ಷಣಾರ್ಥಿಗೆ ಲ್ಯಾಬಿನ ಕೆಲಸ ಎಂದರೆ ಹಾಜರಿ ಹಾಕುವುದು, ಕನೆಕ್ಷನ್ ಸರಿಯಿದೆಯೇ ನೋಡಿ ಸ್ವಿಚ್ ಹಾಕಲು ಒಪ್ಪಿಗೆ ಕೊಡುವುದು, ರೆಕಾರ್ಡ್ ಪುಸ್ತಕಕ್ಕೆ ಸಹಿ ಮಾಡುವುದು. ತಪ್ಪು ಕನೆಕ್ಷನ್ ಕೊಟ್ಟ ಹುಡುಗನಿಗೆ ಏನು ಹೇಳಬೇಕು? ತಂತಿ ತಾವೇ ಕಿತ್ತು ಸರಿಪಡಿಸಬೇಕೆ, ಅಮ್ಮೀಟರನ್ನು ಸಮಾಂತರವಾಗಿ ಜೋಡಿಸಿದರೆ ಏನಾಗುತ್ತದೆ ಎಂದು ಅವನಿಂದಲೇ ಹೇಳಿಸಬೇಕೆ? ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಕಿತ್ತು ಸರಿಪಡಿಸುತ್ತಿದ್ದರಂತೆ, ಬೇಗ ಮುಗಿಯುತ್ತದೆ ಎಂದು.

ಹಾಗಾಗಿ ಎಂ.ಟೆಕ್.ಗೆ ಹೊಸ ಪತ್ರಿಕೆ ಸೇರಿಸಿ ಎಂದು ನಾನು ಕೇಳುವುದಿಲ್ಲ. ಇರುವ ಗಂಟೆಗಳನ್ನೇ ಬೋಧನಾಭ್ಯಾಸವನ್ನಾಗಿ ಮಾಡಿ. ಒಂದು ಸೆಮಿಸ್ಟರಿನಲ್ಲಿ ಐದಾರು ಲ್ಯಾಬ್ ಅಥವಾ ಟ್ಯುಟೋರಿಯಲ್ ಅವಧಿಗಳಿಗೆ ಮೊದಲೇ ಒಂದು ಪುಟದ ಯೋಜನೆ ಬರೆಯಲಿ, ಯಾರಾದರೂ ಹಿಂದೆ ಕೂತು ನೋಡಲಿ, ಮುಗಿದ ಮೇಲೆ ಹದಿನೈದು ನಿಮಿಷ ಮಾತಾಡಲಿ. ಅದಕ್ಕೆ ಎರಡು ಕ್ರೆಡಿಟ್ ಕೊಡಿ. ಪ್ರಬಂಧದ 26ರಿಂದ ಎರಡು ತೆಗೆದರೆ ಸಂಶೋಧನೆ ಬಡವಾಗುವುದಿಲ್ಲ. ಬೋಧನೆಗೆ ಹೋಗದವರಿಗೂ ನಷ್ಟವಿಲ್ಲ. ವಿದ್ಯುತ್ ಕಂಪನಿ ಸೇರುವ ಎಂಜಿನಿಯರ್ ಕೂಡ ಒಂದು ದಿನ ಲೈನ್‌ಮ್ಯಾನ್‌ಗೆ ಏನನ್ನಾದರೂ ವಿವರಿಸಲೇಬೇಕು.

ಹಿಂದೆ ಕೂರುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಾವೇ ಏಕಾಗಬಾರದು? ಎನ್.ಸಿ.ಟಿ.ಇ.ಯ 2014ರ ನಿಯಮಾವಳಿ ಬಂದ ಮೇಲೆ ನಮ್ಮ ಬಿ.ಇಡ್. ಎರಡು ವರ್ಷದ್ದಾಯಿತು, 20 ವಾರ ಶಾಲೆಗಳಿಗೆ ಹೋಗುವುದು ಕಡ್ಡಾಯವಾಯಿತು. ಪಾಠ ನೋಡುವುದು ನಮ್ಮ ಕಸುಬು. ಆದರೆ ಈ ಮಾತು ಬರೆಯುವಾಗ ನನಗೆ ಸ್ವಲ್ಪ ಅಳುಕೂ ಇದೆ. ನನ್ನ ವೀಕ್ಷಣಾ ಪುಸ್ತಕಗಳನ್ನು ಮೊನ್ನೆ ತಿರುವಿ ನೋಡಿದೆ: ‘ಧ್ವನಿ ಸ್ಪಷ್ಟವಾಗಿದೆ’, ‘ಕಪ್ಪು ಹಲಗೆ ಬಳಕೆ ಉತ್ತಮ’, ‘ಸಮಯ ಪಾಲನೆ ಗಮನಿಸಿ’. ಗಿರಣಿಯ ಪ್ರಶ್ನೆ ಬಂದ ದಿನದ ಪುಟದಲ್ಲಿಯೂ ಮೊದಲು ಬರೆದದ್ದು ‘ಪಾಠ ಯೋಜನೆ ಉತ್ತಮ’ ಎಂದೇ. ಹುಡುಗಿ ಕೇಳಿದ್ದನ್ನು ಕೆಳಗೆ, ಜಾಗ ಸಾಲದೆ, ಅಂಚಿನಲ್ಲಿ ಬರೆದಿದ್ದೇನೆ. ನಮ್ಮ ನಮೂನೆಯಲ್ಲಿ ವಿದ್ಯಾರ್ಥಿ ಕೇಳಿದ ಪ್ರಶ್ನೆಗೊಂದು ಕಾಲಂ ಇಲ್ಲ. ಮುಂದಿನ ತಂಡಕ್ಕೆ ಆ ಕಾಲಂ ಸೇರಿಸಿ ಅಚ್ಚು ಹಾಕಿಸಬೇಕೆಂದು ವಿಭಾಗದ ಸಭೆಯಲ್ಲಿ ಕೇಳಿದ್ದೇನೆ, ಸಹೋದ್ಯೋಗಿಗಳು ಒಪ್ಪಿದ್ದಾರೆ. ಆ ನಮೂನೆ ಹಿಡಿದು ಪಕ್ಕದ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವುದು ಆಮೇಲಿನ ಕೆಲಸ.

ಎರಡು ದಿನದ ನಂತರ ಅವರು ಅದೇ ತರಗತಿಗೆ ಹೋದಾಗ ಯೋಜನೆಯಲ್ಲಿದ್ದ ಲೆಕ್ಕ ಬಿಟ್ಟು, ಹಲಗೆಯ ಒಂದು ತುದಿಗೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ತುದಿಗೆ ಗಿರಣಿ ಬರೆದರು. ನಡುವೆ ತಮ್ಮ ಮನೆ ಎಲ್ಲಿ ಬರುತ್ತದೆಂದು ತೋರಿಸಲು ಆ ಹುಡುಗಿಯನ್ನೇ ಕರೆದು ಸೀಮೆಸುಣ್ಣ ಕೊಟ್ಟರು.